ಮನೆಗೆ ಬಂದು ಮತ್ತೆ ಹೊರಟವರ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರೇ,

ಸೈಕಲ್‌ನಲ್ಲಿ ದೂರ ಹೊರಟವರ ಸುದ್ದಿ ಪತ್ರಿಕೆಗಳಲ್ಲಿ ಹೆಚ್ಚಾಗಿ ಎರಡೇ ಸಲ ಬರುತ್ತದೆ. ಹೊರಡುವ ದಿನ ಒಂದು ಫೋಟೊ, ಗುರಿ ಮುಟ್ಟಿದ ದಿನ ಇನ್ನೊಂದು. ಮಧ್ಯದಲ್ಲಿ ಮನೆಗೆ ಬಂದು, ಕೆಲವು ವಾರವೋ ತಿಂಗಳೋ ಇದ್ದು, ಮತ್ತೆ ಸೈಕಲ್ ಹತ್ತಿದವರ ಬಗ್ಗೆ ಓದಿದ ನೆನಪು ನನಗಿಲ್ಲ. ನಾನು ಹಾಗೆ ಮತ್ತೆ ಹತ್ತಿದವಳು. ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಜಾಗ ಮಾಡಿಕೊಡಿ.

ಈಗಲೇ ಬರೆಯಲು ಕಾರಣ ನನ್ನ ಪರಿಚಯದ ಒಬ್ಬ ಹುಡುಗ. ತುಂಬಾ ದೂರದ ದಾರಿ ಹಿಡಿದಿದ್ದ. ತಂದೆಗೆ ಆಪರೇಷನ್ ಆಗಬೇಕು ಎಂದು ಫೋನ್ ಬಂದಾಗ ಸೈಕಲ್ ಸಮೇತ ಮನೆಗೆ ಬಂದ. ತಂದೆ ಈಗ ಚೆನ್ನಾಗಿದ್ದಾರೆ, ಓಡಾಡುತ್ತಿದ್ದಾರೆ. ಹುಡುಗ ಮಾತ್ರ ಸೈಕಲ್ ಚೀಲಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟಿದ್ದಾನೆ. ಕೇಳಿದರೆ, "ಇಲ್ಲ ಅಕ್ಕಾ, ಅದು ಮುಗೀತು. ಮಧ್ಯಕ್ಕೆ ತುಂಡಾದ ಮೇಲೆ ಮತ್ತೆ ಹೋಗಿ ಏನು ಮಾಡ್ಲಿ? ಯಾರು ಪೂರ್ತಿ ಅಂತಾರೆ?" ಎಂದ. ಅವನ ಮುಖ ನೋಡಿ ನನಗೆ ಸಂಕಟವಾಯಿತು. ತಂದೆಯ ಪಕ್ಕ ಇರಬೇಕಾದ ಹೊತ್ತಲ್ಲಿ ಇದ್ದವನು, ಅದನ್ನೇ ಸೋಲು ಎಂದುಕೊಂಡು ತಲೆ ತಗ್ಗಿಸುತ್ತಿದ್ದಾನೆ.

ಅವನಿಗೆ ಥಾಮಸ್ ಸ್ಟೀವನ್ಸ್ ಕಥೆ ಹೇಳಿದೆ. ಸೈಕಲ್‌ನಲ್ಲಿ ಭೂಮಿ ಸುತ್ತಿದ ಮೊದಲಿಗ ಎಂದು ಹೆಸರಾದವರು ಅವರು. 1884ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟರು. ಮುಂದಿನ ಚಕ್ರ ಎದೆಮಟ್ಟಕ್ಕೆ ಬರುವ, ಹಿಂದಿನದು ಪುಟ್ಟದಾದ, ಆ ಕಾಲದ ಎತ್ತರದ ಸೈಕಲ್. ಆಗಸ್ಟ್‌ನಲ್ಲಿ ಬಾಸ್ಟನ್ ಮುಟ್ಟಿದರು. ಅಲ್ಲಿಂದ ಸೀದಾ ಮುಂದಕ್ಕೆ ಹೋಗಲಿಲ್ಲ. ಚಳಿಗಾಲ ಕಳೆಯಲು ನ್ಯೂಯಾರ್ಕ್‌ನಲ್ಲಿ ಉಳಿದರು. 1885ರ ವಸಂತದಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು, ಲಿವರ್‌ಪೂಲ್‌ನಿಂದ ಮತ್ತೆ ತುಳಿಯತೊಡಗಿದರು. ಮುಂದಿನ ಚಳಿಗಾಲಕ್ಕೆ ಟೆಹರಾನ್‌ನಲ್ಲಿ ಇನ್ನೊಮ್ಮೆ ನಿಂತರು. 1886ರ ಮಾರ್ಚ್‌ನಲ್ಲಿ ಅಲ್ಲಿಂದ ಹೊರಟರೆ, ಅಫ್ಘಾನಿಸ್ತಾನದಲ್ಲಿ ಮುಂದೆ ಬಿಡಲಿಲ್ಲ, ವಾಪಸ್ ಕಳಿಸಿದರು. ಸುತ್ತು ದಾರಿ ಹಿಡಿದು, ಹಡಗಿನಲ್ಲಿ ಬಂದು, ಭಾರತದಲ್ಲಿ ಸೈಕಲ್ ತುಳಿದು, ಚೀನಾ ದಾಟಿ, ಅದೇ ವರ್ಷ ಡಿಸೆಂಬರ್‌ನಲ್ಲಿ ಯೊಕೊಹಾಮಾ ತಲುಪಿದರು. ಎರಡು ಚಳಿಗಾಲ ಕೂತಿದ್ದಕ್ಕೋ, ಹಿಂದಕ್ಕೆ ತಿರುಗಿದ್ದಕ್ಕೋ ಅವರ ಪ್ರಯಾಣ ಅರ್ಧದ್ದು ಎಂದು ಯಾರೂ ಹೇಳಿಲ್ಲ.

ದಾಖಲೆಯ ವಿಷಯ ಬೇರೆ. ಈಗ ಗಿನ್ನೆಸ್ ದಾಖಲೆಗೆ ಭೂಮಿ ಸುತ್ತುವವರು ಕಡಿಮೆ ಎಂದರೆ ಸುಮಾರು 29,000 ಕಿಲೋಮೀಟರ್ ತುಳಿಯಬೇಕು. ವಿಮಾನಕ್ಕೆ ಕಾದ ಹೊತ್ತು, ಮಲಗಿದ ಹೊತ್ತು ಎಲ್ಲವೂ ಗಡಿಯಾರದ ಲೆಕ್ಕಕ್ಕೆ ಬರುತ್ತದೆ. ಮಾರ್ಕ್ ಬ್ಯೂಮಾಂಟ್ 2017ರಲ್ಲಿ 78 ದಿನ 14 ಗಂಟೆ 40 ನಿಮಿಷದಲ್ಲಿ ಸುತ್ತಿ ಬಂದರು. ಅವರ ಬೆಂಬಲಕ್ಕೆ ಒಂದು ತಂಡವೇ ಇತ್ತು. ಅದು ದೊಡ್ಡ ಸಾಧನೆ, ಕೈ ಮುಗಿಯುತ್ತೇನೆ. ಆದರೆ ಮನೆ, ತಂದೆ ತಾಯಿ, ಕೆಲಸ ಎಲ್ಲ ಬೆನ್ನಿಗೆ ಕಟ್ಟಿಕೊಂಡು ಒಂಟಿಯಾಗಿ ಹೊರಟವರು ಆ ಗಡಿಯಾರವನ್ನು ತಮ್ಮ ಕೈಗೆ ಯಾಕೆ ಕಟ್ಟಿಕೊಳ್ಳಬೇಕು? ಯಾರೂ ಕೇಳದ ಲೆಕ್ಕ ಅದು.

ಇನ್ನು ನನ್ನ ವಿಷಯ. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಎಂದು ಸುದ್ದಿ ಬಂದಾಗ ನಾನು ಒಂದು ವಯಸ್ಸಾದ ದಂಪತಿಯ ಮನೆಯಲ್ಲಿ ರಾತ್ರಿ ಉಳಿದಿದ್ದೆ. ಹಿಂದಿನ ಸಂಜೆಯಷ್ಟೇ ಪರಿಚಯ ಆದವರು. ಸೈಕಲ್ ಇಲ್ಲೇ ಬಿಟ್ಟು ಹೋಗಲಾ ಎಂದು ಕೇಳಿದೆ. ಮರುಮಾತಿಲ್ಲದೆ ಒಪ್ಪಿದರು. ಮನೆ ಹಿಂದಿನ ಕೋಣೆಯಲ್ಲಿ ನೆಲಕ್ಕೆ ತಾಗದ ಹಾಗೆ ತೂಗುಹಾಕಿದೆವು. ಗಾಳಿ ಇಳಿದ ಟೈರಿನ ಮೇಲೆ ತಿಂಗಳುಗಟ್ಟಲೆ ಭಾರ ಬಿದ್ದರೆ ಅದರ ಪಕ್ಕದ ರಬ್ಬರು ಬಿರುಕು ಬಿಡುತ್ತದೆ. ಚೈನಿಗೆ ಎಣ್ಣೆ ಹಚ್ಚಿ ಒರೆಸಿದೆ. ದೀಪದ ಬ್ಯಾಟರಿ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡೆ. ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಬಿಡಿಯಾಗಿದ್ದರೆ ವಿಮಾನದಲ್ಲಿ ಸರಕಿನ ಚೀಲಕ್ಕೆ ಹಾಕುವಂತಿಲ್ಲ, ಕೈಯಲ್ಲೇ ಒಯ್ಯಬೇಕು.

ಸಾಧ್ಯವಾದರೆ ಸೈಕಲ್ಲನ್ನು ನಿಂತ ಜಾಗದಲ್ಲೇ ಬಿಟ್ಟು ಬನ್ನಿ ಎಂದು ಎಲ್ಲರಿಗೂ ಹೇಳುತ್ತೇನೆ. ಬಿಚ್ಚಿ, ಪೆಟ್ಟಿಗೆಗೆ ತುಂಬಿ, ಸಾಗಿಸುವ ತಾಪತ್ರಯ ತಪ್ಪುತ್ತದೆ ಎಂಬುದು ಒಂದು. ಅದಕ್ಕಿಂತ ಜಾಸ್ತಿ, ದೂರದಲ್ಲಿ ಒಂದು ಕೋಣೆಯಲ್ಲಿ ನನ್ನ ಸೈಕಲ್ ನೇತಾಡುತ್ತಿದೆ ಎಂಬ ನೆನಪೇ ಮನೆಯಲ್ಲಿದ್ದಾಗ ನನ್ನನ್ನು ಹಿಡಿದಿಟ್ಟಿತ್ತು. ಹೋಗಲೇಬೇಕು, ಅದು ಅವರ ಮನೆಯಲ್ಲಿದೆ. ಆ ಹುಡುಗನ ಸೈಕಲ್ ಮನೆಗೇ ಬಂದುಬಿಟ್ಟಿತು. ಅಲ್ಲಿಂದ ಅಟ್ಟಕ್ಕೆ ಎಷ್ಟು ದೂರ?

ಮನೆಯಲ್ಲಿದ್ದಾಗ ಮೈಗೆ ಏನಾಗುತ್ತದೆ ಎಂದು ತಿಳಿದುಕೊಂಡರೆ ಭಯ ಅರ್ಧ ಇಳಿಯುತ್ತದೆ. ಅಮೆರಿಕದ ಎಡ್ವರ್ಡ್ ಕೊಯ್ಲ್ ಮತ್ತು ಸಂಗಡಿಗರು 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚೆನ್ನಾಗಿ ಪಳಗಿದ ಓಟಗಾರರು, ಸೈಕಲ್ ಸವಾರರು 84 ದಿನ ತರಬೇತಿ ಪೂರ್ತಿ ನಿಲ್ಲಿಸಿದರೆ ಏನಾಗುತ್ತದೆ ಎಂದು ನೋಡಿದರು. ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಮೊದಲ ಮೂರು ವಾರದಲ್ಲಿ ಸುಮಾರು ಶೇ 7ರಷ್ಟು ಇಳಿಯಿತು. ಎರಡು ತಿಂಗಳ ಹೊತ್ತಿಗೆ ಶೇ 16ರಷ್ಟು ಇಳಿದು, ಅಲ್ಲಿಗೆ ನಿಂತಿತು. ಮೊದಮೊದಲು ಬೇಗ ಇಳಿಯಲು ಕಾರಣ ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುವುದು. ಇದರಲ್ಲಿ ಸಮಾಧಾನದ ವಿಷಯವೂ ಇದೆ. ಸ್ನಾಯುಗಳ ಒಳಗೆ ವರ್ಷಗಟ್ಟಲೆ ತುಳಿದು ಬೆಳೆಸಿಕೊಂಡ ಸಣ್ಣ ರಕ್ತನಾಳಗಳು 84 ದಿನ ಆದರೂ ಹಾಗೇ ಉಳಿದಿದ್ದವು. ಎಲ್ಲವೂ ಸೊನ್ನೆಗೆ ಇಳಿಯುವುದಿಲ್ಲ.

ಪೂರ್ತಿ ನಿಲ್ಲಿಸುವ ಅಗತ್ಯವೂ ಇಲ್ಲ. 1981ರಲ್ಲಿ ರಾಬರ್ಟ್ ಹಿಕ್ಸನ್ ಅವರ ತಂಡ ತೋರಿಸಿದಂತೆ, ವಾರಕ್ಕೆ ಆರು ದಿನ ತರಬೇತಿ ಮಾಡುತ್ತಿದ್ದವರು ಎರಡೇ ದಿನಕ್ಕೆ ಇಳಿಸಿದರೂ, ಆ ಎರಡು ದಿನ ಮೊದಲಿನಷ್ಟೇ ಬಿರುಸಾಗಿ ಮಾಡಿದರೆ 15 ವಾರದವರೆಗೆ ಆ ಶಕ್ತಿ ಉಳಿಯುತ್ತದೆ. ನನಗೆ ಇದು ದೊಡ್ಡ ಆಸರೆ ಆಯಿತು. ಅಮ್ಮನನ್ನು ಬಿಟ್ಟು ದಿನಾ ಗಂಟೆಗಟ್ಟಲೆ ಹೋಗುವಂತಿರಲಿಲ್ಲ. ಅವರು ಮಲಗಿದಾಗ ಪಕ್ಕದವರ ಹಳೇ ಸೈಕಲ್ ಹತ್ತಿ, ವಾರಕ್ಕೆ ಎರಡು ಸಲ, ಏದುಸಿರು ಬರುವಷ್ಟು ಜೋರಾಗಿ ಏರು ಹತ್ತಿ ಇಳಿದು ಬರುತ್ತಿದ್ದೆ.

ಅಮ್ಮನಿಗೆ ನಡಿಗೆ ಕಲಿಸಲು ಬರುತ್ತಿದ್ದ ಫಿಸಿಯೊಥೆರಪಿಸ್ಟ್ ಒಂದು ಮಾತು ಹೇಳುತ್ತಿದ್ದರು. "ಇವತ್ತು ಎಷ್ಟು ನೋವಾಯ್ತು ಅಂತ ಇವತ್ತೇ ಹೇಳ್ಬೇಡಿ ಅಮ್ಮ. ನಾಳೆ ಬೆಳಿಗ್ಗೆ ಎದ್ದಾಗ ಹೇಗಿದೆ, ಅದನ್ನ ಹೇಳಿ. ಅದರ ಮೇಲೆ ನಾಳೆ ಎಷ್ಟು ಹೆಜ್ಜೆ ಅಂತ ನೋಡೋಣ." ಅಮ್ಮ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕಾಲು ಮಡಚಿ ನೋಡಿ, ತಲೆ ಆಡಿಸಿ ಹೂಂ ಅಥವಾ ಊಹೂಂ ಅನ್ನುತ್ತಿದ್ದರು. ಅದರ ಮೇಲೆ ಆ ದಿನದ ನಡಿಗೆ. ಬಾಗಿಲವರೆಗೆ, ಆಮೇಲೆ ಅಂಗಳದವರೆಗೆ, ಆಮೇಲೆ ಬೀದಿಯ ತಿರುವಿನವರೆಗೆ. ನಾನು ಮತ್ತೆ ದಾರಿಗೆ ಇಳಿದಾಗ ಇದನ್ನೇ ನನ್ನ ಮಂಡಿಗೂ ಇಟ್ಟುಕೊಂಡೆ. ಇವತ್ತಿಗೂ ಅದೇ ನನ್ನ ನಿಯಮ.

ಅದು ಯಾಕೆ ಬೇಕು ಎಂದರೆ, ಉಸಿರು ಬೇಗ ವಾಪಸ್ ಬರುತ್ತದೆ. ಮೊದಲ ವಾರ ಮುಗಿಯುವ ಹೊತ್ತಿಗೇ ಮೈ ಹಗುರಾದ ಹಾಗೆ ಅನಿಸುತ್ತದೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ನಿಧಾನ. ಅವುಗಳಿಗೆ ರಕ್ತ ಕಡಿಮೆ ಹರಿಯುತ್ತದೆ, ಭಾರಕ್ಕೆ ಹೊಂದಿಕೊಳ್ಳಲು ಜಾಸ್ತಿ ಸಮಯ ಬೇಕು. ಎದೆ ಹೋಗು ಅನ್ನುತ್ತದೆ, ಮಂಡಿ ಇನ್ನೂ ತಯಾರಿರುವುದಿಲ್ಲ. ಮತ್ತೆ ಹೊರಟವರು ಮಂಡಿ ಹಿಡಿದುಕೊಂಡು ಕೂರುವುದು ಹೆಚ್ಚಾಗಿ ಎರಡನೇ ವಾರದಲ್ಲಿ, ಹುರುಪು ಏರಿದ ಹೊತ್ತಿಗೆ. ಆಗ ದೊಡ್ಡ ಗೇರು ಹಾಕಿ ಒತ್ತಿ ತುಳಿಯಬಾರದು. ಸಣ್ಣ ಗೇರಿನಲ್ಲಿ ಕಾಲು ಹಗುರಾಗಿ, ನಿಮಿಷಕ್ಕೆ 80ರಿಂದ 90 ಸುತ್ತು ತಿರುಗುವ ಹಾಗೆ ಇರಲಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿದೆಯೇ ನೋಡಿ. ಹಿಂಭಾಗ ನೋಯುತ್ತಿದ್ದರೆ ಸೀಟು ಎತ್ತರ ಆಗಿರಬಹುದು. ಒಂದೇ ಸಲ ಜಾಸ್ತಿ ಬದಲಿಸಬೇಡಿ. ಎರಡು ಮೂರು ಮಿಲಿಮೀಟರ್ ಏರಿಸಿ ಅಥವಾ ಇಳಿಸಿ, ಒಂದು ದಿನ ನೋಡಿ, ಬೇಕಾದರೆ ಮತ್ತೆ ಬದಲಿಸಿ.

ಸೆಕೆಯ ಸೀಮೆಯಲ್ಲಿ ಬಿಟ್ಟು ಬಂದವರಿಗೆ ಇನ್ನೊಂದಿದೆ. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ತಂಪಿನಲ್ಲಿ ಒಂದು ತಿಂಗಳು ಕೂತರೆ ಆ ಒಗ್ಗುವಿಕೆ ಬಹುಪಾಲು ಹೋಗುತ್ತದೆ. ಬಿಟ್ಟಾಗ ಮಧ್ಯಾಹ್ನದ ಬಿಸಿಲಲ್ಲೂ ತುಳಿಯುತ್ತಿದ್ದೆ ಎಂದು ವಾಪಸ್ ಬಂದ ಮೊದಲ ದಿನವೇ ಹಾಗೆ ಹೊರಟರೆ ಅಪಾಯ. ಋತುವೂ ಅಲ್ಲೇ ನಿಂತಿರುವುದಿಲ್ಲ ಅಲ್ವಾ? ನೀವು ಮನೆಯಲ್ಲಿದ್ದಾಗ ಮಳೆಯೋ ಚಳಿಯೋ ಆ ದಾರಿಯ ಮೇಲೆ ಬಂದಿರುತ್ತದೆ, ಗಾಳಿಯ ದಿಕ್ಕೂ ತಿರುಗಿರುತ್ತದೆ. ಹಳೇ ವೇಳಾಪಟ್ಟಿಯ ತಾರೀಕುಗಳನ್ನಷ್ಟೇ ಮುಂದಕ್ಕೆ ತಳ್ಳಿದರೆ ಸಾಲದು, ದಾರಿಯನ್ನೇ ಹೊಸದಾಗಿ ಯೋಚಿಸಬೇಕು. ಸ್ಟೀವನ್ಸ್ ಚಳಿಗಾಲಗಳನ್ನು ಕೂತು ಕಳೆದದ್ದು ಇದಕ್ಕೇ.

ಸೈಕಲ್ ಕಡೆಗೆ ಬರೋಣ. ಕೋಣೆಯಿಂದ ಇಳಿಸಿದ ದಿನ ನಾನು ಎಲ್ಲೂ ಹೋಗಲಿಲ್ಲ. ಅಂಗಳದಲ್ಲಿ ಒಂದು ಹಳೇ ಬಟ್ಟೆ ಹಾಸಿ, ಒಂದೊಂದೇ ಮುಟ್ಟಿ ನೋಡುತ್ತಾ ಕೂತೆ. ಚೈನು ಎಷ್ಟು ಸವೆದಿದೆ ಎಂದು ತಿಳಿಯಲು ಒಂದು ಉಕ್ಕಿನ ಸ್ಕೇಲು ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿಯಿರಿ. ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚಿಗೆ ಇನ್ನೊಂದು ಪಿನ್ನಿನ ನಡು ಬರುತ್ತದೆ. ಆ ಪಿನ್ನು ಇಂಚಿನ ಹದಿನಾರನೇ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನು ಬದಲಿಸುವ ಕಾಲ ಬಂತು. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ, ಹೊಸ ಚೈನು ಒಂದೇ ಹಾಕಿದರೆ ಹಲ್ಲಿನ ಮೇಲೆ ಜಾರುತ್ತದೆ. ನನ್ನದು ಹದಿನಾರನೇ ಭಾಗ ದಾಟುವುದರಲ್ಲಿತ್ತು. ಅಲ್ಲೇ ಬದಲಿಸಿದೆ. ಮುಂದೆ ಊರುಗಳಿಲ್ಲದ ದಾರಿ ಇತ್ತು.

ಆಮೇಲೆ ಪಂಕ್ಚರ್ ಡಬ್ಬಿ ತೆಗೆದೆ. ಪ್ಯಾಚುಗಳು ಚೆನ್ನಾಗಿದ್ದವು. ಸೊಲ್ಯೂಷನ್ ಟ್ಯೂಬ್ ಒತ್ತಿದರೆ ಬರೀ ಗಾಳಿ. ಒಮ್ಮೆ ಮುಚ್ಚಳ ತೆರೆದ ಸೊಲ್ಯೂಷನ್, ಎಷ್ಟೇ ಬಿಗಿಯಾಗಿ ಮುಚ್ಚಿದರೂ ಕೆಲವು ತಿಂಗಳಲ್ಲಿ ಆರಿಹೋಗುತ್ತದೆ. ದಾರಿ ನಡುವೆ ಚಕ್ರ ಬಿಚ್ಚಿ ಕೂತಾಗ ಇದು ಗೊತ್ತಾದರೆ ಎಂಥ ಪಾಡು! ಟ್ಯೂಬ್ ಇಲ್ಲದ ಟೈರಿನವರು ಒಳಗಿನ, ತೂತು ಮುಚ್ಚುವ ಸೀಲೆಂಟ್ ದ್ರವ ನೋಡಿಕೊಳ್ಳಬೇಕು, ಅದೂ ತಿಂಗಳುಗಳಲ್ಲಿ ಒಣಗುತ್ತದೆ. ಬ್ರೇಕ್ ಕೇಬಲ್ ತುದಿಯ ತುಕ್ಕು, ಚಕ್ರದ ಕಡ್ಡಿಗಳ ಬಿಗಿ, ಕ್ಯಾರಿಯರ್ ತಿರುಪುಗಳು, ಟೈರಿನಲ್ಲಿ ಸಿಕ್ಕಿಕೊಂಡ ಗಾಜಿನ ಚೂರು. ಎಲ್ಲಕ್ಕೂ ಕೈ ಆಡಿಸಿ. ಸೈಕಲ್ ಪೆಟ್ಟಿಗೆಯಲ್ಲಿ ಬಂದಿದ್ದರೆ ಎಡ ಪೆಡಲ್ ಉಲ್ಟಾ ತಿರುಗಿಸಿ ಹಾಕಬೇಕು ಎಂಬುದು ನೆನಪಿರಲಿ. ಅವಸರದಲ್ಲಿ ಬಲವಂತವಾಗಿ ತಿರುಗಿಸಿದರೆ ಪೆಡಲ್ ಕೂರುವ ಜಾಗವೇ ಕೆಟ್ಟುಹೋಗುತ್ತದೆ.

ಸಾಮಾನು ತುಂಬಿದ ಸೈಕಲ್ ಹತ್ತಿದ ಮೊದಲ ಗಳಿಗೆ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಮನೆಯಲ್ಲಿ ಖಾಲಿ ಸೈಕಲ್ ಹೊಡೆದ ಕೈಗೆ ಹ್ಯಾಂಡಲ್ ಮಾತೇ ಕೇಳುತ್ತಿರಲಿಲ್ಲ. ನಿಧಾನ ಹೋದರೆ ಮುಂದಿನ ಚಕ್ರ ಅತ್ತಿತ್ತ ಓಲಾಡುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ನಿಲ್ಲಬೇಕಾದ ಜಾಗ ದಾಟಿ ನಿಲ್ಲುತ್ತದೆ. ಕೂರುವ ಎರಡು ಮೂಳೆಗಳ ಮೇಲಿನ ಚರ್ಮವೂ ಮೆತ್ತಗಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಎದ್ದು ನಿಂತು ತುಳಿಯುವಂತಾಗುತ್ತದೆ. ಅಂಗೈಯ ಕಿರುಬೆರಳ ಕಡೆ ಜೋಮು ಹಿಡಿಯುತ್ತದೆ. ಆ ಕಡೆಯ ನರವನ್ನು ಹ್ಯಾಂಡಲ್ ಒತ್ತುವುದರಿಂದ ಹೀಗೆ, ಕೈ ಹಿಡಿಯುವ ಜಾಗ ಆಗಾಗ ಬದಲಿಸಬೇಕು. ಬಿಟ್ಟಾಗ ದಿನಕ್ಕೆ ಎಷ್ಟು ದೂರ ಹೋಗುತ್ತಿದ್ದಿರೋ ಅದರ ಅರ್ಧಕ್ಕೆ ಮೊದಲ ದಿನಗಳನ್ನು ನಿಲ್ಲಿಸಿ. ಇನ್ನೂ ಬೆಳಕಿದೆ ಅಂದರೂ ನಿಲ್ಲಿಸಿ.

ಎಲ್ಲಿಂದ ಶುರು ಮಾಡಬೇಕು ಎಂಬ ಬಗ್ಗೆ ಸವಾರರಲ್ಲೇ ಒಮ್ಮತ ಇಲ್ಲ. ಬೇಸರದ ದಾರಿ ಬಸ್ಸಲ್ಲಿ ದಾಟಿ, ಚೆಂದದ ಜಾಗದಿಂದ ಶುರು ಮಾಡಿ ಎನ್ನುವವರಿದ್ದಾರೆ. ಅವರ ಪ್ರಯಾಣ, ಅವರಿಷ್ಟ. ನಾನು ಮಾತ್ರ ಸೈಕಲ್ ನಿಲ್ಲಿಸಿದ ಬಾಗಿಲಿಂದಲೇ ಹೊರಟೆ. ಲಾರಿಗಳು ಓಡಾಡುವ, ನೆರಳಿಲ್ಲದ, ನೋಡಲು ಏನೂ ಇಲ್ಲದ ರಸ್ತೆ ಅದು. ಆದರೆ ಅಮ್ಮನ ಸುದ್ದಿ ಕೇಳಿ ಎದೆ ನಡುಗಿದ ಜಾಗದಲ್ಲೇ, ಅಮ್ಮ ಫೋನಿನಲ್ಲಿ "ಜೋಪಾನ, ಹೋಗಿ ಬಾ" ಎಂದಾಗ ಪೆಡಲ್ ಮೇಲೆ ಕಾಲಿಟ್ಟೆ. ಹಿಂದಿನ ದಾರಿ ಮುಂದಿನ ದಾರಿಗೆ ಕೂಡಿಕೊಂಡಿತು ಎಂದು ಮನಸ್ಸು ಒಪ್ಪಿತು. ಬೇರೆ ಎಲ್ಲಿಂದ ಹೊರಟಿದ್ದರೂ ಅದು ನನಗೆ ಸಿಗುತ್ತಿರಲಿಲ್ಲ.

ಮೊದಲ ಸಲ ಹೊರಟಾಗ ಬೀಳ್ಕೊಡಲು ನೆಂಟರು, ಗೆಳೆಯರು, ಜೊತೆ ಕೆಲಸ ಮಾಡುವವರು ಎಲ್ಲ ಬಂದಿದ್ದರು. ಎರಡನೇ ಸಲ ಯಾರೂ ಇಲ್ಲ. ಮನೆಯಿಂದ ಹೊರಡುವಾಗ ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಯಾಕೆ? ಒಂದು ಸಲ ಹೋಗಿ ಬಂದಾಯ್ತಲ್ಲ." ಕೇಳಿದವರ ಮೇಲೆ ನನಗೆ ಕೋಪವಿಲ್ಲ, ಪ್ರೀತಿಯಿಂದಲೇ ಕೇಳಿದ್ದು. ಆದರೆ ಹೊರಡುವವರಿಗೆ ಅದು ಭಾರವಾಗುತ್ತದೆ. ಮೊದಲ ಸಲದ ಹಾಗೆ ಈಗ ದಾರಿ ಹೊಸದಲ್ಲ, ಕಷ್ಟ ಏನೆಂದು ಮೈಗೆ ಗೊತ್ತು, ಹಾಸಿಗೆ ಮೆತ್ತಗಿದೆ. ನಿಜವಾಗಿ ಬೆನ್ನು ತಟ್ಟಬೇಕಾದ್ದು ಆಗ. ಮನೆಯವರು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನ ಕೋರಿಕೆ: ಎರಡನೇ ಸಲವೂ ಬಾಗಿಲವರೆಗೆ ಬನ್ನಿ.

ಮುಂದುವರಿಸಬೇಕೋ ಬೇಡವೋ ಎಂಬುದನ್ನು ಮನೆಯ ಕುರ್ಚಿಯಲ್ಲಿ ಕೂತು ತೀರ್ಮಾನಿಸಬೇಡ ಎಂದು ಆ ಹುಡುಗನಿಗೆ ಹೇಳಿದ್ದೇನೆ. ನಿಂತ ಜಾಗಕ್ಕೆ ಹೋಗು, ಒಂದು ವಾರ ನಿಧಾನ ತುಳಿ, ಆಮೇಲೆ ಬೇಡ ಅನಿಸಿದರೆ ವಾಪಸ್ ಬಾ. ಆಗ ಬೇಡ ಅಂದರೆ ಅದು ಅವನೇ ಮಾಡಿದ ತೀರ್ಮಾನ. ಮನೆಗೆ ಬಂದದ್ದಕ್ಕೆ ತಲೆ ತಗ್ಗಿಸಿ ಬಿಡುವುದು ಬೇಡ. ಇನ್ನೂ ಉತ್ತರ ಕೊಟ್ಟಿಲ್ಲ. ಹೋದ ವಾರ ಫೋನ್ ಮಾಡಿ, ಚೈನು ಅಳೆಯುವುದು ಹೇಗೆ ಎಂದು ಮಾತ್ರ ಕೇಳಿದ.

ಸಂಪಾದಕರಲ್ಲಿ ನನ್ನ ಕೇಳಿಕೆ ಸಣ್ಣದು. ಮುಂದೆ ದೂರದ ಸೈಕಲ್ ಸವಾರರನ್ನು ನಿಮ್ಮ ವರದಿಗಾರರು ಮಾತನಾಡಿಸುವಾಗ, ಎಷ್ಟು ಕಿಲೋಮೀಟರ್, ಎಷ್ಟು ದಿನ ಎಂಬ ಜೊತೆಗೆ, ಮಧ್ಯೆ ಎಲ್ಲಿ ನಿಂತಿರಿ, ಯಾರಿಗಾಗಿ ನಿಂತಿರಿ, ಮತ್ತೆ ಹೇಗೆ ಹೊರಟಿರಿ ಎಂದೂ ಕೇಳಲಿ. ಹೊರಟ ಸುದ್ದಿ ಹಾಕಿದ ಸವಾರ ಮನೆಗೆ ಬಂದಿದ್ದರೆ, ಮತ್ತೆ ಹೊರಡುವ ದಿನವೂ ಒಂದು ಫೋಟೊ ಹಾಕಿ. ಓದುಗರಲ್ಲೂ ಮನೆಗೆ ಬಂದು ಮತ್ತೆ ಹೊರಟವರು ಇದ್ದೇ ಇರುತ್ತಾರೆ. ಮೊದಲ ವಾರ ಹೇಗಿತ್ತು, ಮಂಡಿ ಏನಂದಿತು, ಸೈಕಲ್ ಎಲ್ಲಿ ಬಿಟ್ಟಿದ್ದಿರಿ ಎಂದು ಈ ಅಂಕಣಕ್ಕೇ ಬರೆಯಿರಿ. ಆ ಹುಡುಗ ದಿನಾ ಈ ಪತ್ರಿಕೆ ಓದುತ್ತಾನೆ.

ಇಂತಿ,
ನಿಮ್ಮ ಓದುಗಳು, ಸೈಕಲ್ ಸವಾರಳು